ಭಾನುವಾರ ಚಿಕ್ಕ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಕಾರಿಲ್ಲದ ತಾಯಂದಿರು ಹೇಳಿ

ಇಬ್ಬರ ಅಮ್ಮ, ಮೈಸೂರು

ಮಗಳಿಗೆ ನಾಲ್ಕೂವರೆ ವರ್ಷ, ಮಗನಿಗೆ ಎರಡು ತುಂಬಿದೆ. ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸ ನನ್ನದು. ಶನಿವಾರವೂ ಮಧ್ಯಾಹ್ನದವರೆಗೆ ಹೋಗಬೇಕು. ಪತಿಗೆ ಕಾರ್ಖಾನೆಯಲ್ಲಿ ಪಾಳಿ. ಅವರ ವಾರದ ರಜೆ ಭಾನುವಾರವೇ ಬರುತ್ತದೆ ಎಂಬ ಖಾತರಿಯಿಲ್ಲ. ಹಾಗಾಗಿ ಎಷ್ಟೋ ಭಾನುವಾರ ಇಬ್ಬರು ಮಕ್ಕಳೂ ನಾನೂ ಮಾತ್ರ. ಸ್ಕೂಟರ್ ಇದೆ, ಆದರೆ ಇಬ್ಬರನ್ನೂ ಕೂರಿಸಿಕೊಂಡು ಒಬ್ಬಳೇ ಓಡಿಸಲು ಮನಸ್ಸು ಒಪ್ಪುವುದಿಲ್ಲ.

ವಾರವಿಡೀ ಮಕ್ಕಳ ಪಾಲಿಗೆ ಸಿಗುವುದು ಅವಸರದ ಅಮ್ಮ. ಬೆಳಿಗ್ಗೆ ಹಲ್ಲುಜ್ಜು, ಬೇಗ ತಿನ್ನು, ಚಪ್ಪಲಿ ಹಾಕಿಕೋ. ಸಂಜೆ ಊಟ ಮಾಡು, ಮಲಗು. ಭಾನುವಾರವಾದರೂ ಅವರ ಜೊತೆ ನಿಧಾನವಾಗಿ ಇರಬೇಕು ಎನ್ನುವುದು ನನ್ನ ಆಸೆ. ಆದರೆ ಹೊರಗೆ ಹೊರಟರೆ ನಾಲ್ಕು ತಾಣ ನೋಡಿ ಬರಬೇಕು ಎಂದು ಮನೆಯವರೆಲ್ಲ ಯೋಜನೆ ಹಾಕುತ್ತಾರೆ. ಮೂರನೆಯ ಜಾಗಕ್ಕೆ ಬರುವಷ್ಟರಲ್ಲಿ ಚಿಕ್ಕವನು ಅಳುತ್ತಿರುತ್ತಾನೆ, ದೊಡ್ಡವಳು ಹಟ ಹಿಡಿದಿರುತ್ತಾಳೆ. ಮನೆಗೆ ಬಂದ ಮೇಲೆ ಎಲ್ಲರೂ ಮಲಗುತ್ತಾರೆ, ಬಟ್ಟೆ ನೆನೆಹಾಕಿ ಡಬ್ಬಿ ತೊಳೆಯುವ ಕೆಲಸ ನನಗೆ ಉಳಿಯುತ್ತದೆ.

ನನಗೆ ಬೇಕಿರುವುದು ಇಷ್ಟು: ಬಸ್ಸಿನಲ್ಲಿ ಹೋಗಿ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಮನೆ ಸೇರುವಂಥ ಜಾಗಗಳು. ಊಟಕ್ಕೆ ಏನು ಕಟ್ಟಿಕೊಳ್ಳುತ್ತೀರಿ, ಒಬ್ಬರೇ ಇದ್ದಾಗ ಇಬ್ಬರನ್ನು ಹೇಗೆ ಹಿಡಿದಿಡುತ್ತೀರಿ ಎಂಬುದನ್ನೂ ಹೇಳಿ.

ಬೋಗಾದಿಯ ಅಕ್ಕ

ನೀವು ಮೈಸೂರಿನಲ್ಲೇ ಇದ್ದೀರಿ, ಅರ್ಧ ಚಿಂತೆ ಬಿಡಿ. ನನ್ನ ಮಕ್ಕಳು ಈಗ ಪ್ರೌಢಶಾಲೆಯಲ್ಲಿದ್ದಾರೆ, ಆದರೆ ಅವರ ಬಾಲ್ಯದ ಭಾನುವಾರಗಳೆಲ್ಲ ನಗರ ಬಸ್ಸಿನಲ್ಲೇ ಕಳೆದವು. ಆಗ ಟಿಕೆಟ್‌ಗೆ ದುಡ್ಡು ಕೊಟ್ಟು ಓಡಾಡುತ್ತಿದ್ದೆ. ಈಗ ನಿಮಗೆ ಅದೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಶೂನ್ಯ ಟಿಕೆಟ್. ಆರು ವರ್ಷದೊಳಗಿನ ಮಕ್ಕಳಿಗೆ ಹೇಗೂ ಟಿಕೆಟ್ ಇಲ್ಲ. ಹೋಗಿಬರುವ ಖರ್ಚೇ ಇಲ್ಲದಿದ್ದಾಗ 'ಇಷ್ಟು ದೂರ ಬಂದಿದ್ದೇವೆ, ಎಲ್ಲ ನೋಡಿಯೇ ಹೋಗೋಣ' ಎಂಬ ಒತ್ತಾಯವೂ ಇರುವುದಿಲ್ಲ. ಅರ್ಧ ನೋಡಿ ವಾಪಸ್ ಬನ್ನಿ, ಮುಂದಿನ ವಾರ ಮತ್ತೆ ಹೋಗಿ. ಹೊರಗಿನವರು ಮೈಸೂರಿಗೆ ಬಂದರೆ ಒಂದೇ ದಿನದಲ್ಲಿ ಮೃಗಾಲಯ, ಅರಮನೆ, ಬೆಟ್ಟ, ಕೆಆರ್‌ಎಸ್ ಎಲ್ಲ ಮುಗಿಸಬೇಕು. ನೀವು ಹಾಗೇಕೆ ಓಡಬೇಕು?

ಮೃಗಾಲಯಕ್ಕೆ ಹೋಗುವುದಾದರೆ ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆಯುವಾಗಲೇ ಅಲ್ಲಿರಿ. ಪ್ರಾಣಿಗಳೂ ಆಗ ಚುರುಕಾಗಿರುತ್ತವೆ, ಹನ್ನೊಂದರ ನಂತರ ಭಾನುವಾರದ ಜನಸಂದಣಿ ಶುರುವಾಗುತ್ತದೆ. ಪೂರ್ತಿ ಸುತ್ತು ಹಾಕಲೇಬೇಡಿ. 1892ರಿಂದ ಇರುವ ಮೃಗಾಲಯ, ಎಲ್ಲಿಗೂ ಓಡಿಹೋಗುವುದಿಲ್ಲ! ಒಂದು ವಾರ ಜಿರಾಫೆ ಮತ್ತು ಆನೆ, ಇನ್ನೊಮ್ಮೆ ಬರೀ ಹಕ್ಕಿಗಳು, ಹಾಗೆ ಹಂಚಿಕೊಳ್ಳಿ. ಚಿಕ್ಕವನ ಕಾಲು ಸೋತರೆ ಬ್ಯಾಟರಿ ವಾಹನವಿದೆ. ಒಳಗೆ ಪ್ಲಾಸ್ಟಿಕ್ ಬಿಡುವುದಿಲ್ಲ, ಆದ್ದರಿಂದ ಸ್ಟೀಲ್ ಬಾಟಲಿಯಲ್ಲೇ ನೀರು ಒಯ್ಯಿರಿ. ಪತಿಯ ರಜೆ ಮಂಗಳವಾರ ಬಂದರೆ ಮಾತ್ರ ಹೋಗಬೇಡಿ, ಅದು ಮೃಗಾಲಯದ ವಾರದ ರಜೆ.

ಅವಳಿ ಮಕ್ಕಳ ಅಪ್ಪ, ಬೆಂಗಳೂರು

ಬೋಗಾದಿಯ ಅಕ್ಕ ಹೇಳಿದ್ದು ಸರಿ. ಆದರೆ ನಮ್ಮ ಮನೆಯ ಅನುಭವ ಬೇರೆ. ನಮ್ಮವು ಮೂರು ವರ್ಷದ ಅವಳಿ. ನಾವು ಹೆಚ್ಚಾಗಿ ಮಾಲ್‌ಗೆ ಹೋಗುತ್ತೇವೆ, ಅದನ್ನು ಹೇಳಲು ಸಂಕೋಚವಿಲ್ಲ. ಶುಚಿಯಾದ ಶೌಚಾಲಯ, ಮಗುವಿನ ಬಟ್ಟೆ ಬದಲಿಸಲು ಜಾಗ, ಹಾಲುಣಿಸಲು ಕೋಣೆ, ಬಿಸಿಲು ಮಳೆ ಎರಡೂ ಇಲ್ಲ. ಉದ್ಯಾನವೊಂದರಲ್ಲಿ ನನ್ನ ಪತ್ನಿ ಮಗುವಿಗೆ ಹಾಲುಣಿಸಲು ಜಾಗ ಸಿಗದೆ ಮರದ ಹಿಂದೆ ದುಪಟ್ಟಾ ಮರೆ ಮಾಡಿಕೊಂಡು ಕೂತಿದ್ದಳು. ಆ ದಿನದಿಂದ ನನಗೆ ಹಸಿರು, ಗಾಳಿ ಎಂಬುದಕ್ಕಿಂತ ಮೊದಲು ಶೌಚಾಲಯ ಎಲ್ಲಿದೆ ಎಂಬ ಪ್ರಶ್ನೆಯೇ ಬರುತ್ತದೆ.

ಬೋಗಾದಿಯ ಅಕ್ಕ

ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ ತಮ್ಮ. ಸಾರ್ವಜನಿಕ ಜಾಗಗಳಲ್ಲಿ ತಾಯಂದಿರಿಗೆ ಒಂದು ಕೋಣೆ ಕಟ್ಟಿಸುವುದು ದೊಡ್ಡ ಕೆಲಸವಲ್ಲ, ಅದಕ್ಕಾಗಿ ನಾವೆಲ್ಲ ಬಾಯಿಬಿಟ್ಟು ಕೇಳಬೇಕು. ಆದರೆ ಮಾಲ್‌ನಲ್ಲಿ ಹೆಜ್ಜೆಹೆಜ್ಜೆಗೂ 'ಅದು ಬೇಡ, ಇದು ಬೇಡ' ಎನ್ನಬೇಕಾಗುತ್ತದೆ. ಆಟಿಕೆ ಅಂಗಡಿ ದಾಟಿದರೆ ಐಸ್‌ಕ್ರೀಂ, ಅದನ್ನು ದಾಟಿದರೆ ಹಣ ಹಾಕಿ ಆಡುವ ಯಂತ್ರಗಳು. ಅವಸರದ ಅಮ್ಮನಿಂದ ತಪ್ಪಿಸಿಕೊಳ್ಳಲು ಹೊರಟವರು ಅಲ್ಲಿ ಗದರುವ ಅಮ್ಮನಾಗುತ್ತಾರೆ. ಬೆಂಗಳೂರಿನಲ್ಲೇ ಕಬ್ಬನ್ ಪಾರ್ಕ್‌ನ ಬಾಲಭವನ ಇದೆಯಲ್ಲ, ಪುಟಾಣಿ ರೈಲಿದೆ. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ವಾಹನ ಬಿಡುವುದಿಲ್ಲ, ಮಕ್ಕಳ ಕೈಬಿಟ್ಟು ಓಡಿಸಬಹುದು.

ಅಂಗನವಾಡಿ ಶಿಕ್ಷಕಿ, ಹಾಸನ

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಭಾನುವಾರ ಎಲ್ಲಿಗೂ ಹೋಗದಿದ್ದರೆ ಮಕ್ಕಳಿಗೆ ಅನ್ಯಾಯವಾಯಿತು ಎಂದು ಈಗಿನ ತಾಯಂದಿರು ನೊಂದುಕೊಳ್ಳುವುದನ್ನು ದಿನವೂ ನೋಡುತ್ತೇನೆ. ಹಾಗೆ ನೊಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಕೊಟ್ಟಿದೆ. ಒಂದರಿಂದ ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಚಟುವಟಿಕೆಯಲ್ಲಿರಬೇಕು, ಆದರೆ ಅದನ್ನು ದಿನವಿಡೀ ಹಂಚಿಕೊಳ್ಳಬೇಕು. ಎರಡರಿಂದ ನಾಲ್ಕು ವರ್ಷದವರಿಗೆ ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು. ಮೆಟ್ಟಿಲು ಹತ್ತಿ ಇಳಿಯುವುದು, ಗಿಡಕ್ಕೆ ನೀರು ಹಾಕುವುದು, ಒಗೆದ ಬಟ್ಟೆಯ ಬಕೆಟ್ ಹಿಡಿದು ತಾರಸಿಗೆ ಬರುವುದು, ಎಲ್ಲವೂ ಆ ಮೂರು ಗಂಟೆಯ ಲೆಕ್ಕಕ್ಕೆ ಬರುತ್ತದೆ. ಜಾಗ ಯಾವುದಾದರೂ ಆಗಬಹುದು.

ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಹಿದುಕಿದ ಬೇಳೆ ಮಾಡಿ ನೋಡಿ. ರಾತ್ರಿಯೇ ಕಾಳು ನೆನೆಸಿಡಿ. ಬೆಳಿಗ್ಗೆ ಪಾತ್ರೆಯ ಸುತ್ತ ಮಕ್ಕಳನ್ನು ಕೂರಿಸಿ. ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಸಿಪ್ಪೆಯಿಂದ ಹಾರುತ್ತದೆ; ಒಂದು ಪಾತ್ರೆಗೆ ಬಿದ್ದರೆ ಇನ್ನೊಂದು ಗೋಡೆಗೆ ಬಡಿಯುತ್ತದೆ, ಮೂರನೆಯದು ಅಕ್ಕನ ತಲೆಯ ಮೇಲೆ. ನಾಲ್ಕೂವರೆಯ ಮಗುವಿನ ಬೆರಳಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ನನಗೆ ಗೊತ್ತಿಲ್ಲ. ನಾಳೆ ಪೆನ್ಸಿಲ್ ಹಿಡಿಯುವುದೂ ಅದೇ ಬೆರಳುಗಳೇ. ಎರಡು ವರ್ಷದವನು ಹಸಿ ಕಾಳನ್ನು ಬಾಯಿಗೋ ಮೂಗಿಗೋ ಹಾಕಿಕೊಳ್ಳದಂತೆ ಮಾತ್ರ ಪಕ್ಕದಲ್ಲೇ ಕೂತಿರಿ. ಅವನ ಕೈಗೆ ಸಿಪ್ಪೆ ತುಂಬುವ ಕೆಲಸ ಕೊಡಿ.

ಶಿವಮೊಗ್ಗದ ತಾಯಿ

ಶಿಕ್ಷಕಿಯವರ ಮಾತು ಹಿತವಾಗಿದೆ, ಆದರೆ ಒಬ್ಬಳೇ ಮನೆಯಲ್ಲಿ ಇಬ್ಬರನ್ನು ಹಿಡಿದುಕೊಂಡು ಕೂತರೆ ತಾಯಿಗೂ ಉಸಿರು ಕಟ್ಟಿದ ಹಾಗಾಗುತ್ತದೆ. ನಾನು ಹೊರಗೆ ಹೋಗುವುದು ಮಕ್ಕಳಿಗೆಷ್ಟೋ ನನಗೂ ಅಷ್ಟೇ. ಅದನ್ನು ನೇರವಾಗಿ ಹೇಳುವುದರಲ್ಲಿ ತಪ್ಪೇನೂ ಇಲ್ಲ.

ನಮಗೆ ಇಲ್ಲಿ ಸಕ್ರೆಬೈಲು ಇದೆ. ತೀರ್ಥಹಳ್ಳಿ ರಸ್ತೆಯಲ್ಲಿ, ಗಾಜನೂರು ಜಲಾಶಯದ ಹಿನ್ನೀರಿನ ಅಂಚಿಗೆ ಆನೆ ಬಿಡಾರ. ರಾತ್ರಿ ಕಾಡಿಗೆ ಬಿಟ್ಟ ಆನೆಗಳನ್ನು ಬೆಳಿಗ್ಗೆ ತುಂಗೆಯ ನೀರಿಗೆ ಕರೆತರುತ್ತಾರೆ. ನೋಡಲು ಸಿಗುವುದು ಬೆಳಗಿನ ಹೊತ್ತು ಮಾತ್ರ, ಹಾಗಾಗಿ ಮಧ್ಯಾಹ್ನದೊಳಗೆ ಮನೆಗೆ ಬರುವುದು ತಾನಾಗಿಯೇ ಆಗುತ್ತದೆ. ಮಾವುತ ಹೇಳಿದ ಕೂಡಲೇ ಅಷ್ಟು ದೊಡ್ಡ ಪ್ರಾಣಿ ನೀರಿನಲ್ಲಿ ಮಗ್ಗುಲಾಗಿ ಮಲಗುತ್ತದೆ. ಕಿವಿಯ ಹಿಂದೆ ಉಜ್ಜುವಾಗ ಸೊಂಡಿಲ ತುದಿಯೊಂದೇ ನೀರಿನ ಮೇಲೆ ಉಳಿದು ಉಸಿರಾಡುತ್ತಿರುತ್ತದೆ. ತಲೆಗೆ ನೀರು ಹಾಕಿದರೆ ಊರೆಲ್ಲ ಕೇಳುವಂತೆ ಕಿರುಚುತ್ತಿದ್ದ ನನ್ನ ಮಗಳು ಅದನ್ನು ನೋಡಿ ಬಂದ ಮೇಲೆ ಸ್ನಾನದ ಮನೆಯಲ್ಲಿ ತಾನೇ ಮಗ್ಗುಲಾಗಿ ಮಲಗಿ 'ಕಿವಿ ಉಜ್ಜು' ಎನ್ನುತ್ತಿದ್ದಳು.

ಊಟದ ಬಗ್ಗೆ ಕೇಳಿದ್ದೀರಿ. ಮೊಸರನ್ನ ಕಟ್ಟುವುದಾದರೆ ಅನ್ನವನ್ನು ಬಿಸಿಯಿರುವಾಗಲೇ ಮೆತ್ತಗೆ ಮಸೆದು ಕಾಯಿಸಿದ ಹಾಲು ಹಾಕಿ, ಆರಿದ ಮೇಲೆ ಒಂದೇ ಒಂದು ಚಮಚ ಮೊಸರು ಬೆರೆಸಿ. ಹನ್ನೆರಡರ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಬಂದಿರುವುದಿಲ್ಲ. ಮಕ್ಕಳದ್ದಕ್ಕೆ ಒಗ್ಗರಣೆ ಬೇಡ, ಸಾಸಿವೆ, ಮೆಣಸಿನಕಾಯಿ ಬಾಯಿಗೆ ಸಿಕ್ಕಿದರೆ ಉಗಿಯುತ್ತಾರೆ. ತುಪ್ಪ, ಬೆಲ್ಲ ಸವರಿ ಸುತ್ತಿದ ಚಪಾತಿ ಕೈಗೆ ಕೊಟ್ಟರೆ ನಡೆದಾಡುತ್ತಲೇ ತಿನ್ನುತ್ತಾರೆ. ಬಸ್ಸಿನಲ್ಲಿ ವಾಂತಿ ಮಾಡುವ ಮಗುವಾದರೆ ಹೊರಡುವ ಮುಂಚೆ ಹೊಟ್ಟೆ ತುಂಬ ಹಾಲು ಕುಡಿಸಬೇಡಿ, ಕಿಟಕಿ ಪಕ್ಕ ಕೂರಿಸಿ ದೂರದ ಮರಗಳನ್ನು ತೋರಿಸಿ.

ಇಬ್ಬರ ಅಮ್ಮ, ಮೈಸೂರು

ಎಲ್ಲರಿಗೂ ಧನ್ಯವಾದ. ಶಿವಮೊಗ್ಗದ ಅಕ್ಕ, 'ಮಕ್ಕಳಿಗೆಷ್ಟೋ ನನಗೂ ಅಷ್ಟೇ' ಎಂದಿರಿ. ಆ ಮಾತನ್ನು ಯಾರಾದರೂ ಹೇಳಲಿ ಎಂದು ನಾನು ಎಷ್ಟು ಕಾದಿದ್ದೆನೋ!

ಇನ್ನೂ ಒಂದು ವಿಷಯ ಬಿಚ್ಚಿಡುತ್ತೇನೆ. ಪತಿಗೆ ರಜೆ ಇರುವ ಭಾನುವಾರವೂ ನನಗೆ ಸುಲಭವಾಗುವುದಿಲ್ಲ. ಅವರು ಮಕ್ಕಳನ್ನು ಎತ್ತಿಕೊಳ್ಳುತ್ತಾರೆ, ಆಡಿಸುತ್ತಾರೆ, ಅದರಲ್ಲಿ ಕೊರತೆಯಿಲ್ಲ. ಆದರೆ ಚೀಲದಲ್ಲಿ ಏನಿರಬೇಕು, ಬದಲಿ ಚಡ್ಡಿ ಎಷ್ಟು, ಚಿಕ್ಕವನ ಟೋಪಿ ಎಲ್ಲಿದೆ, ನೀರು ಮುಗಿದರೆ ಎಲ್ಲಿ ತುಂಬಿಸುವುದು, ಎಲ್ಲ ನನ್ನ ತಲೆಯಲ್ಲೇ ಇರಬೇಕು. ಜಿರಾಫೆಯ ಮುಂದೆ ನಿಂತಿದ್ದರೂ ನನ್ನ ಮನಸ್ಸು ಚೀಲದೊಳಗೇ ಇರುತ್ತದೆ. ಇದನ್ನು ಹೇಗೆ ಸರಿಮಾಡಿಕೊಂಡಿದ್ದೀರಿ?

ಅವಳಿ ಮಕ್ಕಳ ಅಪ್ಪ, ಬೆಂಗಳೂರು

ಇದಕ್ಕೆ ನಾನೇ ಉತ್ತರ ಕೊಡುವುದು ನ್ಯಾಯ. ನಮ್ಮಲ್ಲಿ ಹೊರಡುವ ಚೀಲ ಪೂರ್ತಿ ನನ್ನದು. ಪತ್ನಿ ಅದನ್ನು ಮುಟ್ಟುವುದೂ ಇಲ್ಲ, ಪರೀಕ್ಷಿಸುವುದೂ ಇಲ್ಲ. ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದ್ದೇನೆ: ಡೈಪರ್, ಎರಡು ಜೊತೆ ಬಟ್ಟೆ, ಒರೆಸುವ ಬಟ್ಟೆ, ಹಳೆಯ ಟವೆಲ್, ಒದ್ದೆ ಬಟ್ಟೆಗೆ ಬೇರೆ ಚೀಲ, ಓಆರ್‌ಎಸ್ ಪೊಟ್ಟಣ, ಟೋಪಿ. ಶನಿವಾರ ರಾತ್ರಿ ತುಂಬಿಸಿಡುತ್ತೇನೆ. ಮನೆಗೆ ಬಂದ ಮೇಲೆ ಖಾಲಿ ಮಾಡಿ, ಡಬ್ಬಿ ತೊಳೆದು, ಒದ್ದೆ ಬಟ್ಟೆ ನೆನೆಹಾಕುವುದೂ ನನ್ನ ಕೆಲಸವೇ. ಚೀಲ ಎಂದರೆ ತುಂಬುವುದರಿಂದ ತೊಳೆಯುವವರೆಗೆ. ನಿಮ್ಮವರಿಗೂ ಹೀಗೆ ಇಡೀ ಕೆಲಸವನ್ನೇ ಒಪ್ಪಿಸಿ. ಒಂದೊಂದೇ ಸಾಮಾನು ತಂದುಕೊಡಿ ಎಂದು ಕೇಳುತ್ತಿದ್ದರೆ ನೆನಪಿಡುವ ಹೊರೆ ನಿಮ್ಮ ಮೇಲೇ ಉಳಿಯುತ್ತದೆ.

ಇನ್ನೊಂದು. ಇಬ್ಬರೂ ಜೊತೆಗಿದ್ದಾಗ ಮಕ್ಕಳನ್ನು ಹಂಚಿಕೊಳ್ಳಿ. ಯಾರು ಯಾರನ್ನು ನೋಡುತ್ತಿದ್ದಾರೆ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. 'ನೀನು ನೋಡುತ್ತಿದ್ದೀಯ ಅಂದುಕೊಂಡೆ' ಎನ್ನುವ ಆ ಒಂದು ನಿಮಿಷದಲ್ಲೇ ಮಗು ಜನರ ಮಧ್ಯೆ ಕಾಣೆಯಾಗುವುದು.

ಅಜ್ಜಿ, ಕುವೆಂಪುನಗರ

ಈ ಅಪ್ಪನ ಮಾತು ಓದಿ ಸಂತೋಷವಾಯಿತು, ಚೆನ್ನಾಗಿರಪ್ಪ. ನಮ್ಮ ಕಾಲದಲ್ಲಿ ಗಂಡಸರು ಮುಂದೆ ನಡೆಯುತ್ತಿದ್ದರು, ನಾವು ಕಂಕುಳಲ್ಲೊಂದು ಕೈಯಲ್ಲೊಂದು ಹಿಡಿದು ಹಿಂದೆ.

ಮಗಳೇ, ದೇವರಾಜ ಮಾರುಕಟ್ಟೆಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೀಯಾ? ಬೆಳಿಗ್ಗೆ ಬೇಗ ಹೋಗು. ಹೂವಿನ ಸಾಲಿನಲ್ಲಿ ಮಲ್ಲಿಗೆ ಮೊಳ ಹಾಕುವುದನ್ನು ತೋರಿಸು. ಮೊಳಕೈಯಿಂದ ಬೆರಳ ತುದಿಯವರೆಗೆ ಅಳೆಯುವುದು ಮಕ್ಕಳಿಗೆ ಬಲು ಸೋಜಿಗ. ಕುಂಕುಮದ ಅಂಗಡಿಯಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಗುಡ್ಡೆ ಮಾಡಿಟ್ಟಿರುತ್ತಾರೆ. ದೊಡ್ಡವಳ ಕೈಗೆ ಹತ್ತು ರೂಪಾಯಿ ಕೊಟ್ಟು ಅವಳಿಂದಲೇ ಕೊತ್ತಂಬರಿ ಕಟ್ಟು ಕೊಳ್ಳಿಸು. ವಾರದ ತರಕಾರಿ ತರುವುದೂ ಆಯಿತು, ಮಕ್ಕಳ ತಿರುಗಾಟವೂ ಆಯಿತು. ನನ್ನ ಮೊಮ್ಮಗಳು ರಸಬಾಳೆ, ಏಲಕ್ಕಿ ಬಾಳೆ, ಪಚ್ಚಬಾಳೆ ಎಂದು ಗೊನೆ ನೋಡಿಯೇ ಹೇಳುತ್ತಾಳೆ.

ಬೆಟ್ಟಕ್ಕೆ ಹೋದರೆ ಬಾಳೆಹಣ್ಣು ಮಕ್ಕಳ ಕೈಗೆ ಕೊಡಬೇಡ. ಕೋತಿ ಕಿತ್ತುಕೊಳ್ಳುತ್ತದೆ, ಪರಚಿದರೆ ಆಸ್ಪತ್ರೆಗೆ ಓಡಬೇಕು. 201ನೇ ನಂಬರಿನ ಬಸ್ಸಿನಲ್ಲಿ ಮೇಲೆ ಹೋಗಿ ಅದರಲ್ಲೇ ಇಳಿ. ಮಕ್ಕಳನ್ನು ಸಾವಿರ ಮೆಟ್ಟಿಲು ಹತ್ತಿಸುವ ಹರಕೆ ಈಗ ಬೇಡ, ಅವರ ಕಾಲು ಗಟ್ಟಿಯಾಗಲಿ.

ಮಂಗಳೂರಿನಿಂದ

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಗ ಕಡಲು ಉಗ್ರವಾಗಿರುತ್ತದೆ, ಮಕ್ಕಳನ್ನು ತೀರಕ್ಕೆ ಕರೆದೊಯ್ಯುವ ಮಾತೇ ಇಲ್ಲ. ಉಳಿದ ತಿಂಗಳಲ್ಲೂ ಸಂಜೆ ಮರಳಿನಲ್ಲಿ ಆಡಿಸಿ ಬರುತ್ತೇವೆ, ನೀರಿಗೆ ಇಳಿಸುವುದಿಲ್ಲ. ಪಿಲಿಕುಳದಲ್ಲಿ ಮೃಗಾಲಯ, ವಿಜ್ಞಾನ ಕೇಂದ್ರ, ತಾರಾಲಯ ಎಲ್ಲ ಇವೆ, ಆದರೆ ವಿಸ್ತಾರ ದೊಡ್ಡದು. ಅಲ್ಲೂ ಒಂದು ಸಲಕ್ಕೆ ಒಂದೇ ಎಂದು ನಾವು ಇಟ್ಟುಕೊಂಡಿದ್ದೇವೆ.

ಮೈಸೂರಿನವರಿಗೂ ನೀರಿನ ವಿಚಾರದಲ್ಲಿ ಒಂದು ಮಾತು. ಬಲಮುರಿ, ಸಂಗಮ ಎಂದು ಕಾವೇರಿಯ ದಂಡೆಗೆ ಹೋಗುವಾಗ ನೀರು ಶಾಂತವಾಗಿದೆ ಎಂದು ನಂಬಬೇಡಿ. ಒಬ್ಬಳೇ ಇಬ್ಬರು ಮಕ್ಕಳೊಂದಿಗೆ ಇರುವಾಗ ಹೊಳೆಯ ದಂಡೆ ಬೇಡವೇ ಬೇಡ.

ಬೋಗಾದಿಯ ಅಕ್ಕ

ಮಂಗಳೂರಿನವರು ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ಪಿಗೆ. ನೀರು, ಹಕ್ಕಿ ಎರಡೂ ಬೇಕೆಂದರೆ ಕಾರಂಜಿಕೆರೆ ಇದೆ, ಮೃಗಾಲಯದ ಪಕ್ಕದಲ್ಲೇ. ಅಲ್ಲಿಯ ಹಕ್ಕಿಗಳ ದೊಡ್ಡ ಪಂಜರದೊಳಗೆ ನಾವೇ ನಡೆದುಹೋಗಬಹುದು, ನವಿಲುಗಳು ಅಲ್ಲೇ ಓಡಾಡುತ್ತಿರುತ್ತವೆ. ಪತಿ ಜೊತೆಗಿರುವ ದಿನ ರಂಗನತಿಟ್ಟಿಗೆ ಹೋಗಿ. 1940ರಲ್ಲೇ ಪಕ್ಷಿಧಾಮವಾದ ಜಾಗ, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಕೂತರೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಎಲ್ಲ ಹತ್ತಿರದಿಂದಲೇ ಕಾಣುತ್ತವೆ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ಪತ್ರಿಕೆ ನೋಡಿಕೊಂಡು ಹೊರಡಿ.

ಭಾನುವಾರ ಸಂಜೆ ಏಳಕ್ಕೆ ಅರಮನೆಯ ದೀಪ ನೋಡಿಸಲೇಬೇಕು. ಕತ್ತಲಲ್ಲಿ ಕಾಯುತ್ತಿರುವಾಗ ಲಕ್ಷಕ್ಕೆ ಹತ್ತಿರ ಬಲ್ಬು ಒಟ್ಟಿಗೇ ಹೊತ್ತಿಕೊಂಡರೆ ದೊಡ್ಡವರೂ 'ಹೋ' ಎನ್ನುತ್ತಾರೆ. ದುಡ್ಡೂ ಕೊಡಬೇಕಿಲ್ಲ. ಆದರೆ ಜನ ಬಹಳ. ಮಗಳ ಅಂಗೈ ಹಿಂದೆ ನಿಮ್ಮ ಫೋನ್ ಸಂಖ್ಯೆ ಪೆನ್ನಿನಲ್ಲಿ ಬರೆಯಿರಿ, ಚಿಕ್ಕವನನ್ನು ಕೆಳಗಿಳಿಸಬೇಡಿ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ಎರಡೂ ನಿಮ್ಮ ಫೋನಿನಲ್ಲಿರಲಿ. ಬೆಳಿಗ್ಗೆ ಹೊರಗೆ ಸುತ್ತಿದ ದಿನ ಸಂಜೆ ಇದನ್ನು ಇಟ್ಟುಕೊಳ್ಳಬೇಡಿ. ಅದೂ ಒಂದು ಇಡೀ ತಿರುಗಾಟವೇ.

ಶಿವಮೊಗ್ಗದ ತಾಯಿ

ನನ್ನ ತವರು ಮಂಡ್ಯ. ಅಲ್ಲಿಗೆ ಬಂದಾಗ ನಾವು ಮಾಡುವುದನ್ನು ಹೇಳಲೇ? ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಪ್ಯಾಸೆಂಜರ್ ರೈಲು. ಐದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ನಿಮ್ಮಿಬ್ಬರು ಮಕ್ಕಳಿಗೂ ಉಚಿತ. ಕೂತು ನೆಲೆಯಾಗುವಷ್ಟರಲ್ಲಿ ಇಳಿಯುವ ಸ್ಟೇಷನ್ ಬಂದಿರುತ್ತದೆ, ಮಕ್ಕಳಿಗೆ ಬೇಸರವಾಗಲು ಸಮಯವೇ ಇಲ್ಲ. ಊರು ಹತ್ತಿರವಾದಾಗ ರೈಲು ಕಾವೇರಿಯನ್ನು ದಾಟುತ್ತದೆ. ಸೇತುವೆಗೆ ಬಂದ ಕೂಡಲೇ ಗಾಲಿಯ ಸದ್ದು ಬದಲಾಗುತ್ತದೆ, ಅದನ್ನು ಕೇಳಿಸಿಕೋ ಎಂದು ಮೊದಲೇ ಹೇಳಿಡಿ. ಇಳಿದರೆ ರಂಗನಾಥಸ್ವಾಮಿ ಗುಡಿ ನಡೆಯುವಷ್ಟು ದೂರದಲ್ಲಿದೆ. ರೈಲು ಹಳಿಯ ಹತ್ತಿರ ಟಿಪ್ಪು ಕಾಲದ ಶಸ್ತ್ರಾಗಾರ ಇದೆ. ಜೋಡಿ ಹಳಿಗೆ ಜಾಗ ಮಾಡಲು 2017ರಲ್ಲಿ ಆ ಕಟ್ಟಡವನ್ನೇ ಇಡಿಯಾಗಿ ಎತ್ತಿ ಬೇರೆ ಕಡೆ ಸರಿಸಿದರು. 'ಮನೆಯನ್ನು ಎತ್ತಿಟ್ಟರಾ?' ಎಂದು ನನ್ನ ಮಗಳು ದಿನವಿಡೀ ಕೇಳುತ್ತಿದ್ದಳು.

ರೈಲು ತಪ್ಪಿದರೂ ಚಿಂತೆಯಿಲ್ಲ. ಮೈಸೂರು ನಿಲ್ದಾಣದ ಹತ್ತಿರವೇ ರೈಲ್ವೆ ವಸ್ತುಸಂಗ್ರಹಾಲಯ ಇದೆ, 1979ರಿಂದ. ಹಳೆಯ ಉಗಿಬಂಡಿಗಳು, ಮಹಾರಾಣಿಯ ಬೋಗಿ, ಮಕ್ಕಳ ಪುಟ್ಟ ರೈಲು. ಅಂದಿನ ಬೆಳಿಗ್ಗೆಗೆ ಅದೇ ಸಾಕು.

ಇಬ್ಬರ ಅಮ್ಮ, ಮೈಸೂರು

ಶ್ರೀರಂಗಪಟ್ಟಣದ ರೈಲೇ ಗಟ್ಟಿ. ಮುಂದಿನ ಭಾನುವಾರ ಪತಿಗೆ ರಜೆ ಸಿಕ್ಕಿದೆ. ಗುಡಿ, ಶಸ್ತ್ರಾಗಾರ, ವಾಪಸ್. ರಂಗನತಿಟ್ಟು ಅಂದು ಬೇಡ ಎಂದು ಮನೆಯಲ್ಲಿ ಎಲ್ಲರಿಗೂ ಈಗಲೇ ಹೇಳಿದ್ದೇನೆ. ಬೆಂಗಳೂರಿನ ಅಪ್ಪನ ಹಾಳೆಯನ್ನು ಪತಿಗೆ ಓದಿ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, 'ತೊಳೆಯುವುದೂ ನಾನೇ?' ಎಂದರು. ಹೌದು ಎಂದೆ. ಸರಿ ಎಂದು ಒಪ್ಪಿಕೊಂಡು ಚಿಕ್ಕವನ ಟೋಪಿ ಎಲ್ಲಿದೆ ಎಂದು ಹುಡುಕಲು ಎದ್ದರು. ನಾನು ಹೇಳಲಿಲ್ಲ, ಅವರೇ ಹುಡುಕಿಕೊಂಡರು. ಶಿಕ್ಷಕಿಯವರೇ, ಅವರು ಪಾಳಿಗೆ ಹೋಗುವ ಅದರ ಮುಂದಿನ ಭಾನುವಾರ ನಾವು ಮೂವರೂ ಮನೆಯಲ್ಲೇ ಇರುತ್ತೇವೆ, ಅವರೆಕಾಯಿ ಬಂದಿದ್ದರೆ ಹಿದುಕಿದ ಬೇಳೆ.

ಬೆಳಗಿನ ಯಾವ ರೈಲು ಮಕ್ಕಳಿಗೆ ಅನುಕೂಲ, ಯಾರಿಗಾದರೂ ಗೊತ್ತೇ?

ಶಿವಮೊಗ್ಗದ ತಾಯಿ

ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಕೆಲವು ರೈಲುಗಳು ಭಾನುವಾರ ಓಡುವುದಿಲ್ಲ. ಶನಿವಾರ ಸಂಜೆ 139ಕ್ಕೆ ಕರೆ ಮಾಡಿ ಕೇಳಿ. ಶ್ರೀರಂಗಪಟ್ಟಣದಲ್ಲಿ ನಿಲ್ಲುತ್ತದೆಯೇ ಎಂಬುದನ್ನೂ ಜೊತೆಗೆ ಖಚಿತಪಡಿಸಿಕೊಳ್ಳಿ, ವೇಗದ ರೈಲುಗಳು ಎಲ್ಲವೂ ಅಲ್ಲಿ ನಿಲ್ಲುವುದಿಲ್ಲ. ವಾಪಸ್ ಬರುವ ರೈಲಿನ ಸಮಯವನ್ನು ಮೊದಲು ನೋಡಿ, ಹೋಗುವುದನ್ನು ಆಮೇಲೆ ಗೊತ್ತುಮಾಡಿ. ವಾಪಸ್ ರೈಲು ಹೊಂದದಿದ್ದರೆ ಬಸ್ಸಿದೆ.